ಸೊಳ್ಳೆಯ ಹೊಟ್ಟೆ ಕೊಯ್ದು ನೋಡಿದ ಡಾಕ್ಟರ್

ಮಲೇರಿಯಾದ ಗುಟ್ಟು ಕಂಡುಹಿಡಿದ ರೊನಾಲ್ಡ್ ರಾಸ್ ಬಗ್ಗೆ ನಾನು ಈ ಸಲ ಬರೆದಿದ್ದೇನೆ. ಅವರು 1857ರ ಮೇ 13ರಂದು ಅಲ್ಮೋರದಲ್ಲಿ ಹುಟ್ಟಿದರು. ಕವಿತೆ ಬರೆಯೋದು ಇಷ್ಟ, ಆದರೆ ತಂದೆಯ ಆಸೆಯಂತೆ ಡಾಕ್ಟರಾದರು. 1883ರಲ್ಲಿ ನಮ್ಮ ಬೆಂಗಳೂರಿನಲ್ಲಿದ್ದರು. ಮನೆ ಹತ್ತಿರದ ನೀರಿನ ಬಾನಿಯಲ್ಲಿ ಸೊಳ್ಳೆಮರಿಗಳಿದ್ದವು. ನೀರು ಚೆಲ್ಲಿದ ಮೇಲೆ ಸೊಳ್ಳೆ ಕಡಿಮೆಯಾದವು. ಆದರೆ ಮಲೇರಿಯಾ ಸೊಳ್ಳೆಯಿಂದ ಬರುತ್ತೆ ಅಂತ ಆಗ ಅವರಿಗೂ ಗೊತ್ತಿರಲಿಲ್ಲ.

ಮುಂದೆ ಸಿಕಂದರಾಬಾದಿನಲ್ಲಿ ಹುಸೇನ್ ಖಾನ್ ಎಂಬ ಮಲೇರಿಯಾ ರೋಗಿಗೆ ಸೊಳ್ಳೆ ಕಚ್ಚಿಸಿದರು. ಒಂದು ಸೊಳ್ಳೆಗೆ ಒಂದಾಣೆ ಕೊಟ್ಟರು! ಆ ಸೊಳ್ಳೆಗಳನ್ನು ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡಿದರು. 1897ರ ಆಗಸ್ಟ್ 20ರಂದು ಅನಾಫಿಲಿಸ್ ಸೊಳ್ಳೆಯ ಹೊಟ್ಟೆಯಲ್ಲಿ ರೋಗಾಣು ಸಿಕ್ಕಿತು. 1902ರಲ್ಲಿ ನೊಬೆಲ್ ಬಹುಮಾನ ಬಂತು. 1932ರಲ್ಲಿ ತೀರಿಕೊಂಡರು.

ರೋಗಾಣು ಸಿಕ್ಕರೂ ಲಸಿಕೆ ಬೇಗ ಸಿಗಲಿಲ್ಲ. ಯಾಕಂದ್ರೆ ಅದು ಪಿತ್ತಜನಕಾಂಗದಲ್ಲಿ ಒಂದು ರೂಪ, ರಕ್ತದಲ್ಲಿ ಇನ್ನೊಂದು ರೂಪ ತಾಳುತ್ತೆ. ಮೊದಲ ಲಸಿಕೆಯನ್ನು ಆಫ್ರಿಕಾದ 7 ದೇಶಗಳ 15 ಸಾವಿರಕ್ಕೂ ಹೆಚ್ಚು ಮಕ್ಕಳಲ್ಲಿ 2009ರಿಂದ 2014ರವರೆಗೆ ಪರೀಕ್ಷಿಸಿದರು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಅದನ್ನು ಒಪ್ಪಿತು. ಆದರೂ ಅದರಿಂದ ಪೂರ್ತಿ ರಕ್ಷಣೆ ಇಲ್ಲ.

ರಾಸ್ ಹೆಸರು ಎಲ್ಲರಿಗೂ ಗೊತ್ತು. ಸೊಳ್ಳೆಗೆ ಮೈಯೊಡ್ಡಿದ ಹುಸೇನ್ ಖಾನ್‌ನನ್ನೂ ಆ ಮಕ್ಕಳನ್ನೂ ನಾವು ಮರೀಬಾರದು ಅಂತ ನನಗನ್ನಿಸುತ್ತೆ.