ಸುರಶ್ರೀ ಕೇಸರಬಾಯಿ ಕೇರ್ಕರ್

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಗೋಮಾಂತಕದ ಹಿರಿಯರೊಬ್ಬರ ಜೀವನವನ್ನು ಕುರಿತು ಬರೆಯಬೇಕೆಂದು ಸಂಪಾದಕ ಮಂಡಳಿಯವರು ಅಪೇಕ್ಷಿಸಿದಾಗ ನನಗೆ ಮೊದಲು ಹೊಳೆದ ಹೆಸರು ಸುರಶ್ರೀ ಕೇಸರಬಾಯಿ ಕೇರ್ಕರ್ ಅವರದು. ಕನ್ನಡ ಶಾಲೆಯ ಸಂಚಿಕೆಯಲ್ಲಿ ಗೋವೆಯ ಗಾಯಕಿಯ ಕಥೆ ಏಕೆ ಎಂದು ಕೆಲವರು ಕೇಳಿಯಾರು. ನಾವು ಉಣ್ಣುತ್ತಿರುವುದು ಈ ನೆಲದ ಅನ್ನ. ಇಲ್ಲಿಯ ದೊಡ್ಡವರನ್ನು ಅರಿಯುವುದು ನಮ್ಮ ಮಕ್ಕಳ ಕರ್ತವ್ಯ. ಮೇಲಾಗಿ ಈ ತಾಯಿಯ ಬಾಳಿನಲ್ಲಿ ಕನ್ನಡ ನಾಡಿನ ಎಳೆಗಳು ಕೆಲವೆಡೆ ಅನಿರೀಕ್ಷಿತವಾಗಿ ಹೆಣೆದುಕೊಂಡಿವೆ. ಕಲಿಯುವ ವಯಸ್ಸಿನ ಕಲಾವಿದರಿಗೆ ಯಾರು, ಎಷ್ಟು ಕಾಲ, ಹೇಗೆ ನೆರವಾಗಬೇಕೆಂಬ ಪ್ರಶ್ನೆ ನನ್ನನ್ನು ಬಹು ದಿನಗಳಿಂದ ಕಾಡುತ್ತಿದೆ. ಅವರ ಚರಿತ್ರೆಯನ್ನು ನೆನೆದಾಗಲೆಲ್ಲ ಆ ಪ್ರಶ್ನೆ ಮತ್ತೆ ಎದುರು ಬಂದು ನಿಲ್ಲುತ್ತದೆ.

ಫೋಂಡಾ ತಾಲೂಕಿನ ಕೇರಿ ಎಂಬ ಹಳ್ಳಿಯಲ್ಲಿ 1892ರ ಜುಲೈ 13ರಂದು ಅವರ ಜನನವಾಯಿತು. ಓಣಿ, ವಸತಿ ಎಂಬ ಅರ್ಥದಲ್ಲಿ ನಾವು ದಿನವೂ ಆಡುವ ಮಾತೇ ಆ ಊರಿನ ಹೆಸರೂ ಆಗಿರುವುದರಿಂದ ಅದು ಕನ್ನಡ ಕಿವಿಗೆ ಪರಕೀಯವೆನಿಸುವುದಿಲ್ಲ. ಆಗ ಗೋವೆ ಪೋರ್ಚುಗೀಸರ ಆಳ್ವಿಕೆಯಲ್ಲಿತ್ತು. ಕೇಸರಬಾಯಿಯವರು ಹುಟ್ಟಿದ್ದು ದೇವಾಲಯಗಳ ಗಾನಸೇವೆಗೆ ಮೀಸಲಾಗಿದ್ದ ಕಲಾವಂತ ಸಮಾಜದಲ್ಲಿ. ಮಂಗೇಶಿ, ಮ್ಹಾರ್ದೊಳ, ಕವಳೆಗಳ ಗುಡಿಗಳಿಂದ ಪ್ರಸಿದ್ಧವಾದ ಈ ಸೀಮೆಯಲ್ಲಿ ಹಾಡುಗಾರಿಕೆ ತಲೆಮಾರುಗಳಿಂದ ಉಳಿದು ಬಂದದ್ದು ಆ ಸಮಾಜದ ಹೆಂಗಸರ ಕಂಠದಲ್ಲಿ. ಹಾಡು ಕೇಳಿ ತಲೆದೂಗಿದ ಲೋಕವೇ ಹಾಡಿದವರನ್ನು ಬಾಗಿಲ ಹೊರಗೆ ನಿಲ್ಲಿಸಿತ್ತೆಂಬುದನ್ನು ನಾವು ಮರೆಯಬಾರದು. ದೇವರ ಸೇವೆಯ ಹೆಸರಿನಲ್ಲಿ ದೊರೆಯುತ್ತಿದ್ದ ಆಸರೆಗೆ ಅವರು ತೆತ್ತ ಬೆಲೆ ಚಿಕ್ಕದಲ್ಲ.

ಎಂಟರ ವಯಸ್ಸಿನಲ್ಲಿ ಬಾಲಕಿಯನ್ನು ಕೊಲ್ಲಾಪುರಕ್ಕೆ ಕರೆದೊಯ್ಯಲಾಯಿತು. ಅಲ್ಲಿ ಉಸ್ತಾದ ಅಬ್ದುಲ್ ಕರೀಂ ಖಾನರಲ್ಲಿ ಎಂಟು ತಿಂಗಳು ಪಾಠವಾಯಿತು. ನಮ್ಮ ಕುಂದಗೋಳದ ರಾಮಭಾವು, ಅಂದರೆ ಮುಂದೆ ಸವಾಯಿ ಗಂಧರ್ವರೆಂದು ಹೆಸರಾದವರು, ಇದೇ ಖಾನಸಾಹೇಬರ ಶಿಷ್ಯರು. ಆದರೆ ಕೇಸರಬಾಯಿಯವರ ಪಾಠ ಅಷ್ಟಕ್ಕೇ ನಿಂತಿತು. ಕುಟುಂಬ ಗೋವೆಗೆ ಮರಳಿತು. ಬಳಿಕ ಪಂಡಿತ ರಾಮಕೃಷ್ಣಬುವಾ ವಝೆಯವರು ಲಾಮಗಾಂವಕ್ಕೆ ಬಂದಾಗಲೆಲ್ಲ ಅವರಲ್ಲಿ ಕಲಿಕೆ ನಡೆಯಿತು. ಗುರು ಬಂದರೆ ಪಾಠ, ಬಾರದಿದ್ದರೆ ಕಾಯುವಿಕೆ. ಹೀಗೆ ತುಂಡು ತುಂಡಾಗಿ ದೊರೆತ ವಿದ್ಯೆಯನ್ನು ಆ ಹುಡುಗಿ ಮನಸ್ಸಿನಲ್ಲಿ ಹೇಗೆ ಪೋಣಿಸಿಕೊಂಡಳೋ ಎಂದು ನನಗೆ ವಿಸ್ಮಯವಾಗುತ್ತದೆ.

ಹದಿನಾರು ತುಂಬಿದಾಗ ತಾಯಿ ಮತ್ತು ಸೋದರಮಾವನೊಡನೆ ಅವರು ಮುಂಬಯಿ ಸೇರಿದರು. ಅಲ್ಲಿ ಅವರ ಬಾಳನ್ನು ತಿರುಗಿಸಿದವರು ಸೇಠ ವಿಠ್ಠಲದಾಸ ದ್ವಾರಕಾದಾಸ ಎಂಬ ಶ್ರೀಮಂತ ವ್ಯಾಪಾರಿ. ಸೇಠರ ನೆರವಿನಿಂದ ಪಟಿಯಾಲ ಸಂಸ್ಥಾನದ ಸಿತಾರ ವಾದಕರಾದ ಬರಕತುಲ್ಲಾ ಖಾನರಲ್ಲಿ ಅವರ ಪಾಠ ಆರಂಭವಾಯಿತು. ಖಾನರು ಮುಂಬಯಿಗೆ ಬಂದಾಗಲೆಲ್ಲ, ಬಿಟ್ಟು ಬಿಟ್ಟು ಎರಡು ವರ್ಷ ಕಲಿಸಿದರು. ಆಮೇಲೆ ಆ ಗುರುವೂ ಕೈತಪ್ಪಿ ಹೋದರು. ಕಾರಣವನ್ನು ಕೇಳಿದರೆ ಕನ್ನಡಿಗರಾದ ನಾವು ಹೆಮ್ಮೆಪಡಬೇಕೋ ಸಂಕೋಚಪಡಬೇಕೋ ತಿಳಿಯದು: ಮೈಸೂರು ಅರಮನೆ ಅವರನ್ನು ತನ್ನ ಆಸ್ಥಾನಕ್ಕೆ ಬರಮಾಡಿಕೊಂಡಿತ್ತು! ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದ ಮೈಸೂರು ಉತ್ತರ, ದಕ್ಷಿಣವೆನ್ನದೆ ಎಲ್ಲ ವಿದ್ವಾಂಸರನ್ನೂ ಸಾಕಿದ ಕಥೆಯನ್ನು ನಾವು ಅಭಿಮಾನದಿಂದ ಹೇಳುತ್ತೇವೆ. ಆ ದೊಡ್ಡ ಆಶ್ರಯದ ಇನ್ನೊಂದು ತುದಿಯಲ್ಲಿ, ಮುಂಬಯಿಯಲ್ಲಿ, ಗುರುವಿಲ್ಲದೆ ಉಳಿದ ಒಬ್ಬ ತರುಣಿ ಇದ್ದಳೆಂಬುದು ನನಗೂ ಬಹಳ ತಡವಾಗಿ ತಿಳಿದ ಸಂಗತಿ.

ಮುಂದೆ ಸ್ವಲ್ಪ ಕಾಲ ಪಂಡಿತ ಭಾಸ್ಕರಬುವಾ ಬಖಲೆಯವರಲ್ಲಿಯೂ, ಮತ್ತೆ ಸ್ವಲ್ಪ ಕಾಲ ವಝೆಬುವಾ ಅವರಲ್ಲಿಯೂ ಕಲಿತರು. ಕೊನೆಗೆ 1921ರಲ್ಲಿ ಜಯಪುರ ಅತ್ರೌಲಿ ಘರಾಣೆಯ ಮೂಲಪುರುಷರಾದ ಉಸ್ತಾದ ಅಲ್ಲಾದಿಯಾ ಖಾನರ ಶಿಷ್ಯೆಯಾದರು. ಆಗ ಅವರಿಗೆ 29 ವರ್ಷ ವಯಸ್ಸು. ಇಂದಿನ ಮಕ್ಕಳು ಎರಡು ಪರೀಕ್ಷೆ ಮುಗಿಸಿ ವೇದಿಕೆ ಕೇಳುತ್ತಾರೆ. ಕೇಸರಬಾಯಿಯವರು ಮೊದಲ ಪಾಠವಾಗಿ ಇಪ್ಪತ್ತು ವರ್ಷಗಳ ಮೇಲೆ ಹೊಸ ಗುರುವಿನ ಮುಂದೆ ಮತ್ತೆ ಷಡ್ಜದಿಂದ ಕುಳಿತರು. ಹನ್ನೊಂದು ವರ್ಷ ಕಠಿಣ ತಾಲೀಮು ನಡೆಯಿತು. 1930ರಿಂದ ಅವರು ವೃತ್ತಿಗಾಯಕಿಯಾಗಿ ಹಾಡತೊಡಗಿದರೂ, 1946ರಲ್ಲಿ ಖಾನಸಾಹೇಬರು ಕಣ್ಮುಚ್ಚುವವರೆಗೂ ಕಲಿಯುವುದನ್ನು ಬಿಡಲಿಲ್ಲ.

ಈ ಲೆಕ್ಕವನ್ನು ಓದುಗರು ಒಮ್ಮೆ ಮನಸ್ಸಿನಲ್ಲಿ ಕೂಡಿಸಿ ನೋಡಬೇಕು. 1908ರ ಸುಮಾರಿಗೆ ಮುಂಬಯಿಗೆ ಬಂದವರು ವೃತ್ತಿಗೆ ಇಳಿದದ್ದು 1930ರಲ್ಲಿ. ನಡುವಿನ ಇಪ್ಪತ್ತೆರಡು ವರ್ಷಗಳಲ್ಲಿ ಮೆರವಣಿಗೆಯಿಲ್ಲ, ಬಿರುದಿಲ್ಲ, ಪತ್ರಿಕೆಯಲ್ಲಿ ಅಚ್ಚಾಗುವಂಥ ಭಾವಚಿತ್ರವಿಲ್ಲ. ಇದ್ದದ್ದು ತಂಬೂರಿ, ಗುರು, ಬೆಳಗಿನ ಸಾಧನೆ. ಅಂಥ ಕಾಲದಲ್ಲಿ ಹಣ ಕೊಡುವವನಿಗೆ ತೋರಿಸಿಕೊಳ್ಳಲು ಏನೂ ಇರುವುದಿಲ್ಲ. ಶ್ರೀಮಂತರ ಆಶ್ರಯದಲ್ಲಿ ಸ್ವಾರ್ಥದ, ಅಧಿಕಾರದ ನೆರಳು ಬೀಳುವುದೂ ಉಂಟು. ಆ ಕಾಲದ ಗಾಯಕಿಯರ ಮಟ್ಟಿಗಂತೂ ಅದು ಬಹುವಾಗಿತ್ತು. ಅದನ್ನು ಒಪ್ಪಿಕೊಂಡೇ ಹೇಳುತ್ತೇನೆ, ಫಲ ಕಾಣದ ವರ್ಷಗಳಲ್ಲಿ ಪಾಠಕ್ಕೆ ಒದಗಿದ ಹಣ ವೇದಿಕೆಯ ಮೇಲೆ ಹೊದಿಸುವ ಶಾಲಿಗಿಂತ ಬಹಳ ದೊಡ್ಡದು.

ಇಲ್ಲಿ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳದೆ ಮುಂದೆ ಹೋಗಲಾರೆ. ಅನೇಕ ವರ್ಷಗಳ ಹಿಂದೆ ನಾನು ಒಂದು ಉತ್ಸವ ಸಮಿತಿಯ ಸದಸ್ಯನಾಗಿದ್ದೆ. ಬಂದರಿನಲ್ಲಿ ಕೂಲಿ ಮಾಡುತ್ತಿದ್ದ ಉತ್ತರ ಕರ್ನಾಟಕದ ತಂದೆಯೊಬ್ಬರು ತಮ್ಮ ಮಗಳ ಸಂಗೀತ ಪಾಠಕ್ಕೆ ತಿಂಗಳಿಗಿಷ್ಟು ಸಹಾಯ ಮಾಡಬೇಕೆಂದು ಅರ್ಜಿ ಕೊಟ್ಟಿದ್ದರು. ಕೇಳಿದ ಮೊತ್ತ ನಮ್ಮ ಪೆಂಡಾಲಿನ ಒಂದು ದಿನದ ಬಾಡಿಗೆಗಿಂತಲೂ ಕಡಿಮೆ. ಹಣ ಕೊಟ್ಟರೆ ಒಂದು ಕಾರ್ಯಕ್ರಮವಾದರೂ ಕಾಣಿಸಬೇಕು, ಪಾಠಕ್ಕೆ ಕೊಟ್ಟರೆ ಜನರಿಗೆ ಏನು ತೋರಿಸುವುದು ಎಂದು ವಾದಿಸಿದವರಲ್ಲಿ ನಾನೇ ಮೊದಲಿಗ. ಅರ್ಜಿ ಬಿದ್ದುಹೋಯಿತು. ಆ ವರ್ಷ ಧ್ವನಿವರ್ಧಕ ಚೆನ್ನಾಗಿತ್ತು. ಆ ಹುಡುಗಿ ಮರುವರ್ಷ ಹಾಡುವುದನ್ನು ನಿಲ್ಲಿಸಿದ್ದಳು.

ಕೇಸರಬಾಯಿಯವರಂತೆಯೇ ಗೋವೆಯಿಂದ ಹೊರಟು ಅದೇ ಗುರುವನ್ನು ಸೇರಿದ ಇನ್ನೊಬ್ಬರು ಗಾನತಪಸ್ವಿನಿ ಮೊಗುಬಾಯಿ ಕುರ್ಡಿಕರ್. ಅವರ ಹುಟ್ಟೂರು ಕುರ್ಡಿ ಇಂದು ಸಾಲಾವಲಿ ಅಣೆಕಟ್ಟಿನ ನೀರಿನಡಿಯಲ್ಲಿದೆ. ಎಳೆಯ ವಯಸ್ಸಿನಲ್ಲೇ ತಾಯಿಯನ್ನು ಕಳೆದುಕೊಂಡು, ನಾಟಕ ಮಂಡಳಿಗಳಲ್ಲಿ ದುಡಿದು, ಒಬ್ಬ ಗುರುವಿನಿಂದ ಇನ್ನೊಬ್ಬರೆಡೆಗೆ ಅಲೆದು ಅವರು ವಿದ್ಯೆ ಗಳಿಸಿದರು. ತಾವು ಗಳಿಸಿದ್ದನ್ನು ಮಗಳು ಕಿಶೋರಿ ಅಮೋಣಕರ್ ಅವರಿಗೆ ಧಾರೆಯೆರೆದರು. ಒಂದೇ ಸೀಮೆ, ಒಂದೇ ಘರಾಣೆ. ಆಸರೆ ಮಾತ್ರ ಒಂದೇ ಆಗಿರಲಿಲ್ಲ.

ಕೇಸರಬಾಯಿಯವರ ಗಾಯನವನ್ನು ಬಣ್ಣಿಸುವ ಅಧಿಕಾರ ನನಗಿಲ್ಲ. ಧ್ವನಿಮುದ್ರಿಕೆಗಳಿಂದ ಕೇಳಿದವನು ನಾನು. ತುಂಬಿದ ಆಕಾರ, ಕಡಿಯದ ಉಸಿರು, ಒಂದರ ಬೆನ್ನಿಗೊಂದು ಬಿಚ್ಚುವ ತಾನಗಳು, ಅಪರೂಪದ ಜೋಡರಾಗಗಳ ಮೇಲಿನ ಪ್ರಭುತ್ವ ಇವು ಆ ಘರಾಣೆಯ ಲಕ್ಷಣಗಳು. ಅವರ ಕಂಠದಲ್ಲಿ ಇವಕ್ಕೆಲ್ಲ ಒಂದು ರಾಜಗಾಂಭೀರ್ಯ ಬರುತ್ತದೆ. 1938ರಲ್ಲಿ ಅವರ ಹಾಡು ಕೇಳಿದ ಕವೀಂದ್ರ ರವೀಂದ್ರರು ಮನಸಾರೆ ಮೆಚ್ಚಿದರು. 1948ರಲ್ಲಿ ಕಲಕತ್ತೆಯ ರಸಿಕರು ಸುರಶ್ರೀ ಎಂಬ ಬಿರುದಿತ್ತರು. 1953ರಲ್ಲಿ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿ, 1969ರಲ್ಲಿ ಪದ್ಮಭೂಷಣ, ಅದೇ ವರ್ಷ ಮಹಾರಾಷ್ಟ್ರ ಸರ್ಕಾರದ ರಾಜ್ಯಗಾಯಿಕಾ ಗೌರವ ಬಂದವು.

ಅವರ ಸ್ವಭಾವ ಮೃದುವಾಗಿರಲಿಲ್ಲವೆಂದು ಬಲ್ಲವರು ಹೇಳುತ್ತಾರೆ. ಸಂಭಾವನೆಯ ವಿಷಯದಲ್ಲಿ ಖಂಡಿತವಾದಿ. ಸಭೆಯಲ್ಲಿ ಅಶಿಸ್ತನ್ನು ಸಹಿಸುತ್ತಿರಲಿಲ್ಲ. ಮುದ್ರಣಕ್ಕೆ ಹಾಡಿದ್ದು ಕಡಿಮೆ. ಹಾಡುವ ಹೆಂಗಸೆಂದು ಹಗುರಾಗಿ ಕಂಡ ಲೋಕದಿಂದ ಮರ್ಯಾದೆಯನ್ನು ಕಸಿದುಕೊಂಡವರಿಗೆ ಆ ಬಿಗುವು ಬೇಕಾಗಿತ್ತೆಂದು ನನ್ನ ಎಣಿಕೆ. ನನಗೆ ನೋವಾಗುವುದು ಬೇರೊಂದು ವಿಷಯಕ್ಕೆ. ಅಷ್ಟು ಗುರುಗಳಿಂದ ಪಡೆದವರು ತಾವಾಗಿ ಕಲಿಸಿದ್ದು ಬಹು ಕಡಿಮೆ. ಅವರ ಶಿಷ್ಯೆಯೆಂದು ಹೆಸರಿಸಬಹುದಾದವರು ಕೊಲ್ಲಾಪುರದ ಧೋಂಡುತಾಯಿ ಕುಲಕರ್ಣಿ ಒಬ್ಬರೇ. ಅವರೂ 2014ರಲ್ಲಿ ತೀರಿಕೊಂಡರು. ಇದು ಕೇಸರಬಾಯಿಯವರ ಜೀವನದ ಕೊರತೆಯೆಂದೇ ನಾನು ಭಾವಿಸುತ್ತೇನೆ.

ಅದೃಷ್ಟವಶಾತ್ ಆ ಗಾಯಕಿ ಬೇರೆ ಕಾಲುವೆಗಳಲ್ಲೂ ಹರಿಯಿತು. ಅಲ್ಲಾದಿಯಾ ಖಾನರ ಮಕ್ಕಳಾದ ಮಂಜಿಖಾನ ಮತ್ತು ಭುರ್ಜಿಖಾನರಿಂದ ಅದನ್ನು ಕಲಿತು ಕನ್ನಡ ನಾಡಿಗೆ ತಂದವರು ಧಾರವಾಡದ ಪಂಡಿತ ಮಲ್ಲಿಕಾರ್ಜುನ ಮನ್ಸೂರರು. ಹಳ್ಳಿಯ ಮನೆಯಿಂದ ಬಂದ ಅವರನ್ನು ಮೊದಲು ಪೊರೆದದ್ದು ನಾಟಕ ಕಂಪನಿ. ಧಾರವಾಡದ ಮನೆಯಲ್ಲಿ ನುಡಿದ ರಾಗಕ್ಕೂ ಕೇರಿಯ ಮಗಳ ಕಂಠದ ರಾಗಕ್ಕೂ ಬೇರು ಒಂದೇ ಎಂಬುದನ್ನು ಗೋವೆಯ ಕನ್ನಡ ಮಕ್ಕಳು ತಿಳಿದಿರಬೇಕು.

1960ರ ದಶಕದ ನಡುವಿನ ಹೊತ್ತಿಗೆ ಕೇಸರಬಾಯಿಯವರು ಸಾರ್ವಜನಿಕ ಕಛೇರಿಗಳನ್ನು ನಿಲ್ಲಿಸಿದ್ದರು. ಧ್ವನಿ ಕುಂದುವ ಮೊದಲೇ ಎದ್ದುಹೋಗುವ ಧೈರ್ಯ ಎಲ್ಲ ಕಲಾವಿದರಿಗೂ ಇರುವುದಿಲ್ಲ. 1977ರ ಸೆಪ್ಟೆಂಬರ್ 16ರಂದು ಅವರು ಕಾಲವಶರಾದರು. ಕೆಲವೇ ದಿನಗಳ ಹಿಂದೆ, ಆಗಸ್ಟ್ 20 ಮತ್ತು ಸೆಪ್ಟೆಂಬರ್ 5ರಂದು, ಅಮೆರಿಕದವರು ವಾಯೇಜರ್ ಎಂಬ ಎರಡು ನೌಕೆಗಳನ್ನು ಅಂತರಿಕ್ಷಕ್ಕೆ ಹಾರಿಸಿದ್ದರು. ಅವುಗಳಲ್ಲಿಟ್ಟ ಚಿನ್ನದ ಲೇಪದ ತಟ್ಟೆಯಲ್ಲಿ ಭೂಮಿಯ ಸಂಗೀತದ 27 ಮಾದರಿಗಳಿವೆ. ಭಾರತದಿಂದ ಆಯ್ಕೆಯಾದದ್ದು ಒಂದೇ, ಕೇಸರಬಾಯಿಯವರ ಭೈರವಿ. ಸುಮಾರು ಮೂರೂವರೆ ನಿಮಿಷ. ಲಾಮಗಾಂವದಲ್ಲಿ ಗುರುವಿಗಾಗಿ ಕಾದ ಬಾಲಕಿಯ ಧ್ವನಿ ಸೂರ್ಯನ ಪ್ರಭಾವಲಯವನ್ನೂ ದಾಟಿ ಸಾಗಿದೆ.

ಕೇರಿಯಲ್ಲಿ ಅವರ ಇನ್ನೊಂದು ಮನೆಯಿದ್ದ ಜಾಗದಲ್ಲಿ ಅವರ ಹೆಸರಿನ ಪ್ರೌಢಶಾಲೆ ನಡೆಯುತ್ತಿದೆ. ಅವರ ನೆನಪಿನ ಸಂಗೀತ ಸಮಾರೋಹವನ್ನು ಗೋವೆ ನಡೆಸಿಕೊಂಡು ಬಂದಿದೆ. ಮುಂಬಯಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗೆ ಅವರ ಹೆಸರಿನಲ್ಲಿ ಸಂಗೀತದ ವಿದ್ಯಾರ್ಥಿವೇತನ ಏರ್ಪಟ್ಟಿದೆ. ಕಲಿಸಲು ಮನಸ್ಸು ಮಾಡದವರ ಹೆಸರು ಕಲಿಯುವವರಿಗೆ ಊರುಗೋಲಾಗಿರುವುದನ್ನು ಕಂಡು ನನಗೆ ಸಮಾಧಾನವಾಗುತ್ತದೆ. ಗೋವೆ ಸರ್ಕಾರದ ಕಲೆ ಮತ್ತು ಸಂಸ್ಕೃತಿ ನಿರ್ದೇಶನಾಲಯವು ಕಲಾವಿದರಿಗೆ ಕಲಾ ಸನ್ಮಾನದ ಮೂಲಕ ನೆರವು, ಸಂಸ್ಥೆಗಳಿಗೆ ಅನುದಾನ ನೀಡುತ್ತದೆ. ಇವೆಲ್ಲ ಸ್ತುತ್ಯ. ಆದರೆ ಬಂದರಿನ, ಗಣಿಯ, ಕಟ್ಟಡದ ಕೂಲಿಯವರ ಮಗುವಿಗೆ ಮೊದಲ ಪಾಠದ ಹಣ ನೆರೆಹೊರೆಯವರ ಕೈಯಿಂದಲೇ ಬರಬೇಕಾಗುತ್ತದೆ.

ಮಹೋತ್ಸವದ ಲೆಕ್ಕಪತ್ರ ಮುಗಿದ ಮೇಲೆ ಉಳಿಯುವ ಹಣದಲ್ಲಿ ಒಂದು ಪಾಲನ್ನು ನಮ್ಮ ಶಾಲೆಯ ಒಬ್ಬ ವಿದ್ಯಾರ್ಥಿಯ ಐದು ವರ್ಷಗಳ ಸಂಗೀತ ಪಾಠಕ್ಕೆ ಕಾದಿರಿಸಬೇಕೆಂದೂ, ಆ ಐದು ವರ್ಷ ಆ ಮಗುವನ್ನು ಯಾವ ವೇದಿಕೆಯ ಮೇಲೂ ನಿಲ್ಲಿಸಿ ಲೆಕ್ಕ ಕೇಳಬಾರದೆಂದೂ ನಾನು ಮಹೋತ್ಸವ ಸಮಿತಿಗೆ ಪತ್ರ ಬರೆದಿದ್ದೇನೆ. ನನ್ನ ಪಾಲಿನ ವಂತಿಗೆಯನ್ನು ಪತ್ರದ ಜೊತೆಗೇ ಕಳುಹಿಸಿದ್ದೇನೆ.