ಒಂಟಿತನದಿಂದ ಹುಟ್ಟಿದ ಸಂಘ

ರೋಟರಿ ಸಂಘದ ಸ್ಥಾಪಕ ಪಾಲ್ ಹ್ಯಾರಿಸರು 1868ರ ಏಪ್ರಿಲ್ 19ರಂದು ಅಮೆರಿಕದಲ್ಲಿ ಜನಿಸಿದರು. ತಂದೆಯ ವ್ಯಾಪಾರ ಮುರಿದುದರಿಂದ ವಾಲಿಂಗ್‌ಫರ್ಡ್ ಎಂಬ ಸಣ್ಣ ಊರಿನಲ್ಲಿ ಅಜ್ಜ ಅಜ್ಜಿಯರ ಆಶ್ರಯದಲ್ಲಿ ಬೆಳೆದರು. 1891ರಲ್ಲಿ ಕಾನೂನು ಪದವಿ ಪಡೆದರೂ ಐದು ವರ್ಷ ಊರೂರು ಅಲೆದು, ವರದಿಗಾರರಾಗಿ, ಹಣ್ಣು ಕೀಳುವ ಕೂಲಿಯಾಗಿ, ಹೋಟೆಲಿನಲ್ಲಿ ರಾತ್ರಿಪಾಳಿಯ ಗುಮಾಸ್ತರಾಗಿ ದುಡಿದರು.

1896ರಲ್ಲಿ ಶಿಕಾಗೋ ನಗರದಲ್ಲಿ ವಕೀಲಿ ಆರಂಭಿಸಿದರು. ಕಕ್ಷಿಗಾರರು ದೊರೆತರು, ಆಪ್ತರು ದೊರೆಯಲಿಲ್ಲ. ರಜೆಯ ದಿನಗಳೇ ಅವರಿಗೆ ಭಾರವಾದವು. ಊರು ಬಿಟ್ಟು ಬಂದ ನಮಗೆ ಈ ವ್ಯಥೆ ಅಪರಿಚಿತವಲ್ಲ.

1905ರ ಫೆಬ್ರವರಿ 23ರಂದು ಕಲ್ಲಿದ್ದಲು ವ್ಯಾಪಾರಿ, ಗಣಿ ಎಂಜಿನಿಯರ್, ದರ್ಜಿ ಈ ಮೂವರೊಡನೆ ಅವರು ಮೊದಲ ಸಭೆ ಸೇರಿದರು. ಸರದಿಯಂತೆ ಒಬ್ಬೊಬ್ಬರ ಕಚೇರಿಯಲ್ಲಿ ಕೂಡುತ್ತಿದ್ದುದರಿಂದ ಸಂಘಕ್ಕೆ ರೋಟರಿ ಎಂಬ ಹೆಸರಾಯಿತು. ಮೊದಲು ಸ್ನೇಹವೂ ಪರಸ್ಪರ ವ್ಯಾಪಾರವೂ ಉದ್ದೇಶ. ಅಷ್ಟಕ್ಕೇ ತೃಪ್ತರಾಗದ ಸದಸ್ಯರು 1907ರಲ್ಲಿ ನಗರಕ್ಕೆ ಸಾರ್ವಜನಿಕ ಶೌಚಾಲಯ ಬೇಕೆಂದು ಕಾರ್ಯಕ್ಕಿಳಿದರು. ಸೇವೆಯ ದಾರಿ ಹೀಗೆ ತೆರೆಯಿತು. ವಾರಕ್ಕೊಮ್ಮೆ ಕೂಡಿ ಉಂಡು, ಊರ ಹಿತವನ್ನು ಚಿಂತಿಸುವ ಪದ್ಧತಿ ಸಣ್ಣಪುಟ್ಟ ಊರುಗಳಿಗೂ ಹಬ್ಬಿತು. 1920ರ ವೇಳೆಗೆ ಕಲ್ಕತ್ತೆಯನ್ನೂ ತಲುಪಿತು.

1947ರ ಜನವರಿ 27ರಂದು ಹ್ಯಾರಿಸರು ಕಾಲವಾದರು. ತಮ್ಮ ಒಂಟಿತನವನ್ನು ನೀಗಿಸಿಕೊಳ್ಳಲು ಅವರು ಇನ್ನೊಬ್ಬರ ಬಾಗಿಲು ತಟ್ಟಿದರು. ಪಕ್ಕದ ಕೋಣೆಯ ಬಾಗಿಲು ತಟ್ಟಲು ನಮಗೂ ಯಾರ ಅಪ್ಪಣೆಯೂ ಬೇಕಿಲ್ಲ.