ಕಾಲು ಪೇಟಿ, ಕ್ಯಾಸಿಯೋ ಮತ್ತು ಪಂಚಾಕ್ಷರ ಗವಾಯಿ

ಗದಗ ಜಿಲ್ಲೆಯವರಿಗೆ ಪಂಚಾಕ್ಷರ ಗವಾಯಿ ಅಂದ್ರೆ ಮೊದಲು ನೆನಪಾಗೋದು ಹಾರ ಹಾಕಿದ ಫೋಟೋ. ಹೊರಗಿನವರಿಗೆ 1995ರ ಸಿನಿಮಾ, ಹಂಸಲೇಖ ಅವರಿಗೆ ಸಂಗೀತಕ್ಕೂ ಎಸ್‌ಪಿಬಿ ಅವರಿಗೆ ಗಾಯನಕ್ಕೂ ರಾಷ್ಟ್ರಪ್ರಶಸ್ತಿ ತಂದುಕೊಟ್ಟ ಚಿತ್ರ. ಎರಡು ಕಡೆಯೂ ಅವರು ದೇವರಂತಹ ಮನುಷ್ಯ. ಫೋಟೋದಲ್ಲಿರೋ ದೇವರಿಗೆ ಪ್ರಶ್ನೆ ಕೇಳೋಕೆ ಆಗಲ್ಲ. ನನಗೊಂದು ಪ್ರಶ್ನೆ ಇತ್ತು, ಅದೂ ತಾಂತ್ರಿಕವಾದದ್ದು. ಹಾಗಾಗಿ ಅವರ ಬದುಕನ್ನ ಬೇರೆ ಕಡೆಯಿಂದ ನೋಡಬೇಕಾಯ್ತು.

ನಾನು ಮುಂಡರಗಿಯವನು, ಜಾತ್ರೆ ನಾಟಕಗಳಿಗೆ ಕೀಬೋರ್ಡ್ ನುಡಿಸ್ತೀನಿ. ಕಂಪನಿ ಯಾವುದೇ ಇರಲಿ, ನಮ್ಮ ಕಡೆ ಅದು ‘ಕ್ಯಾಸಿಯೋ’. ಅದು ಬರೋ ಮುಂಚೆ ಆ ಜಾಗದಲ್ಲಿ ಕಾಲು ಹಾರ್ಮೋನಿಯಂ ಇತ್ತು. ಕಾಲಿಂದ ಗಾಳಿ ತುಳಿದು ಎರಡೂ ಕೈಯಿಂದ ನುಡಿಸೋದು, ಮೈಕಿಲ್ಲದ ಕಾಲಕ್ಕೂ ಹಿಂದಿನ ಸಾಲಿನವರೆಗೆ ಕೇಳೋದು. ಹಳೇ ರಂಗಗೀತೆಗೆ ಆ ದನಿಯೇ ಚೆಂದ. ನನ್ನ ಕೀಬೋರ್ಡಿನಲ್ಲಿ ‘ಹಾರ್ಮೋನಿಯಂ’ ಅನ್ನೋ ಟೋನ್ ಇದೆ, ಆದ್ರೆ ತುಂಬಾ ತೆಳು. ಅದಕ್ಕೇ ಅದನ್ನ ಬಿಟ್ಟು, ಹಳೇ ಅನಲಾಗ್ ಸಿಂಥಸೈಜರ್‌ನಲ್ಲಿ ದನಿ ಕಟ್ತಿದ್ದ ಹಾಗೆ ನಾನೇ ಕಟ್ಟೋಕೆ ಕೂತೆ.

1970ರಲ್ಲಿ ಅಮೆರಿಕದ ರಾಬರ್ಟ್ ಮೂಗ್ ಅವರ ಕಂಪನಿ ತಂದ ಮಿನಿಮೂಗ್‌ನಲ್ಲಿ ಕೆಲಸ ಸರಳ. ಗರಗಸದ ಹಲ್ಲಿನಂಥ ಒಂದು ಅಲೆ ತಗೊಳ್ಳಿ, ಇನ್ನೊಂದನ್ನ ಪಕ್ಕಕ್ಕಿಟ್ಟು ಕೂದಲೆಳೆಯಷ್ಟು ಶ್ರುತಿ ತಪ್ಪಿಸಿ. ಎರಡೂ ಉಜ್ಜಿಕೊಂಡು ದನಿ ದಪ್ಪ ಆಗುತ್ತೆ. ಆಮೇಲೆ ಫಿಲ್ಟರ್ ಹಾಕಿ ಮೇಲಿನ ಚೂಪು ಕತ್ತರಿಸಿ. ಪೇಟಿಯೊಳಗೂ ಆಗೋದು ಇದೇ. ಒಂದೇ ಮನೆ ಒತ್ತಿದಾಗ ಎರಡು ಹಿತ್ತಾಳೆ ರೀಡು ನುಡಿಯುತ್ತವೆ, ಅವು ಪೂರ್ತಿ ಒಂದಾಗಲ್ಲ, ಮರದ ಪೆಟ್ಟಿಗೆ ಚೂಪನ್ನ ನುಂಗುತ್ತೆ. ಜೋರಾಗಿ ಒತ್ತಿದ್ರೆ ಜೋರು ದನಿ ಅನ್ನೋ ಪಿಯಾನೋ ಗುಣ ಪೇಟಿಗಿಲ್ಲ. ಅಲ್ಲಿ ಜೋರು ಗಾಳಿಯದು. ಅದಕ್ಕೆ ಟಚ್ ರೆಸ್ಪಾನ್ಸ್ ಬಂದ್ ಮಾಡಿ, ದನಿಯ ಏರಿಳಿತವನ್ನ ಕಾಲಿನ ಪೆಡಲ್‌ಗೆ ಕೊಟ್ಟೆ. ದನಿ ಬಂತು.

ಕಷ್ಟ ಬಂದದ್ದು ಶ್ರುತಿಯಲ್ಲಿ. ಅದರ ಬಗ್ಗೆ ಹೇಳೋಕೆ ಗವಾಯಿಗಳ ಕಾಲಕ್ಕೇ ಹೋಗಬೇಕು.

1892ರ ಫೆಬ್ರವರಿ 2ರಂದು ಹಾನಗಲ್ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಹುಟ್ಟಿದ ಹುಡುಗನ ಹೆಸರು ಗದಿಗೆಯ್ಯ. ಹುಟ್ಟು ಕುರುಡು. ಅಣ್ಣ ಗುರುಬಸಯ್ಯನಿಗೂ ಕಣ್ಣಿಲ್ಲ. ಆಗಿನ ಹಳ್ಳಿಯಲ್ಲಿ ಕಣ್ಣಿಲ್ಲದ ಬಡ ಹುಡುಗನ ಮುಂದೆ ಇದ್ದದ್ದು ಮನೆಯ ಮೂಲೆ, ಇಲ್ಲಾ ಭಿಕ್ಷೆ. ಅಣ್ಣತಮ್ಮಂದಿರ ಕಂಠ ಕೇಳಿ ಹಾನಗಲ್ ಕುಮಾರಸ್ವಾಮಿಗಳು ಇಬ್ಬರನ್ನೂ ಕರೆದುಕೊಂಡು ಹೋಗಿ ಸಂಗೀತ ಕಲಿಸಿದರು. ಅಣ್ಣ ಬೇಗ ತೀರಿಕೊಂಡ. ತಮ್ಮ ಮೊದಲು ಕರ್ನಾಟಕ ಸಂಗೀತ ಕಲಿತರು, ಆಮೇಲೆ ಮಿರಜದ ನೀಲಕಂಠಬುವಾ ಅವರಲ್ಲಿ ಹಿಂದೂಸ್ತಾನಿ. ಮಲ್ಲಿಕಾರ್ಜುನ ಮನ್ಸೂರರಿಗೂ ಗುರುವಾಗಿದ್ದವರು ಇದೇ ನೀಲಕಂಠಬುವಾ. ಎರಡೂ ಪದ್ಧತಿ ಕೈವಶ ಆದ್ದರಿಂದ ಪಂಚಾಕ್ಷರ ಗವಾಯಿಗಳು ‘ಉಭಯ ಗಾನ ವಿಶಾರದ’ ಆದರು.

ಬಿರುದು ಇರಲಿ. ಇಷ್ಟು ಕಲಿತ ಗಾಯಕ ಕಚೇರಿ ಮಾಡಿಕೊಂಡು, ಯಾವುದಾದರೂ ಸಂಸ್ಥಾನದ ಆಶ್ರಯದಲ್ಲಿ ಆರಾಮಾಗಿ ಇರಬಹುದಿತ್ತು. ಇವರು ತಮ್ಮ ಹಾಗೇ ಇದ್ದ ಮಕ್ಕಳನ್ನ ಕೂಡಿಸಿಕೊಂಡು ಸಂಚಾರಿ ಸಂಗೀತ ಪಾಠಶಾಲೆ ನಡೆಸಿದರು. ಶಾಲೆ ಊರಿಂದ ಊರಿಗೆ ತಿರುಗೋದು. ಒಂದೂರಲ್ಲಿ ಜೋಳ ಸಿಕ್ಕರೆ ಕೆಲ ದಿನ ಪಾಠ, ಮುಗಿದರೆ ಮತ್ತೆ ಗಂಟುಮೂಟೆ. ಖರ್ಚು ತೂಗಿಸೋಕೆ ಶಿಷ್ಯರನ್ನೇ ಕಟ್ಟಿಕೊಂಡು ನಾಟಕ ಕಂಪನಿಯನ್ನೂ ನಡೆಸಿದರು. ನನ್ನ ಮಟ್ಟಿಗೆ ಅವರ ಬದುಕಿನ ದೊಡ್ಡ ಸಂಗತಿ ಇದೇ. ಕಣ್ಣಿಲ್ಲದ ಹುಡುಗ ಅನುಕಂಪದ ಅನ್ನ ತಿನ್ನೋದಲ್ಲ, ವೇದಿಕೆ ಮೇಲೆ ದುಡಿದು ತಿನ್ನಬೇಕು ಅನ್ನೋ ಲೆಕ್ಕ. ಭಕ್ತಿಯ ಭಾಷೆಯಲ್ಲಿ ಇದನ್ನ ತ್ಯಾಗ ಅಂತಾರೆ. ನನಗೆ ಇದು ದುಡಿಮೆಯ ಹಕ್ಕಿನ ರಾಜಕೀಯವಾಗಿ ಕಾಣುತ್ತೆ.

ಕಣ್ಣಿದ್ದವರೂ ಅಲ್ಲಿ ಕಲಿತರು. ಬಸವರಾಜ ರಾಜಗುರು ಅವರಲ್ಲೊಬ್ಬರು. 1936ರಲ್ಲಿ ಹಂಪಿಯಲ್ಲಿ ವಿಜಯನಗರ ಸಾಮ್ರಾಜ್ಯದ 600ನೇ ವರ್ಷದ ಉತ್ಸವದಲ್ಲಿ ರಾಜಗುರು ಮೊದಲ ಕಚೇರಿ ಹಾಡಿದಾಗ, ತಬಲಾ ಸಾಥ್‌ಗೆ ಕೂತವರು ಗುರುಗಳೇ. ಶಿಷ್ಯ ಮುಂದೆ, ಗುರು ಪಕ್ಕಕ್ಕೆ. ಕೊನೆಗೆ ಶಾಲೆ ಗದಗದಲ್ಲಿ ನೆಲೆ ನಿಂತು ವೀರೇಶ್ವರ ಪುಣ್ಯಾಶ್ರಮ ಆಯ್ತು. ಜಾತಿ, ಧರ್ಮ ಕೇಳದೆ ಸೇರಿಸಿಕೊಳ್ಳೋ ರೂಢಿ ಅಲ್ಲಿ ಮುಂದುವರಿದಿದೆ.

ಇಂಥ ಶಾಲೆಯಲ್ಲಿ ಪೇಟಿಯ ಮಹತ್ವ ಬೇರೆ. ಎರಡು ಕರಿಮನೆ, ಮೂರು ಕರಿಮನೆ, ಹೀಗೆ ಗುಂಪು ಗುಂಪಾಗಿರೋದ್ರಿಂದ ಬೆರಳ ತುದಿಗೇ ಷಡ್ಜ ಸಿಗುತ್ತೆ. ಆದ್ರೆ 1940ರ ಮಾರ್ಚ್‌ನಲ್ಲಿ ಆಲ್ ಇಂಡಿಯಾ ರೇಡಿಯೋ ಹಾರ್ಮೋನಿಯಂಗೆ ನಿಷೇಧ ಹಾಕಿತು, 1971ರವರೆಗೂ ಅದು ಸಡಿಲಾಗಲಿಲ್ಲ. ಗವಾಯಿಗಳ ಕೊನೆಯ ನಾಲ್ಕು ವರ್ಷ ಈ ನಿಷೇಧದೊಳಗೇ ಕಳೆದವು. ವಿದೇಶಿ ವಾದ್ಯ ಅನ್ನೋ ಸಿಟ್ಟು ಬಿಡಿ, ವಿರೋಧಿಗಳ ಇನ್ನೊಂದು ಮಾತಲ್ಲಿ ಹುರುಳಿತ್ತು. ಪಾಶ್ಚಾತ್ಯ ಪದ್ಧತಿಯಂತೆ ಸಪ್ತಕವನ್ನ 12 ಸಮ ಭಾಗ ಮಾಡಿದರೆ ಗಾಂಧಾರ ತಂಬೂರಿಯೊಳಗಿನ ಸಹಜ ಗಾಂಧಾರಕ್ಕಿಂತ ಸುಮಾರು 14 ಸೆಂಟ್ ಮೇಲೆ ಕೂರುತ್ತೆ. ಧೈವತ 16, ನಿಷಾದ 12. (ಪಕ್ಕದ ಎರಡು ಮನೆಗಳ ನಡುವೆ ಇರೋದು 100 ಸೆಂಟ್.) ಒಳ್ಳೇ ಕಿವಿಗೆ ಇದು ಚುಚ್ಚುತ್ತೆ.

ನನ್ನ ಕೀಬೋರ್ಡ್ ಇದನ್ನ ಎರಡು ನಿಮಿಷದಲ್ಲಿ ಸರಿ ಮಾಡ್ತು. ಸ್ಕೇಲ್ ಟ್ಯೂನ್ ಅನ್ನೋ ಕಡೆ ಹೋಗಿ ಗಾಂಧಾರಕ್ಕೆ ಮೈನಸ್ 14, ಧೈವತಕ್ಕೆ ಮೈನಸ್ 16, ನಿಷಾದಕ್ಕೆ ಮೈನಸ್ 12. ರೇಡಿಯೋದವರ ತಕರಾರಿಗೆ ಉತ್ತರ ಸಿಕ್ತು. ಆದ್ರೆ ಆ ಸ್ಕೇಲ್ ಟ್ಯೂನ್ ಇರೋದು ಸಣ್ಣ ಪರದೆಯ ಮೆನುವಿನೊಳಗೆ, ಅದರೊಳಗಿನ ಇನ್ನೊಂದು ಮೆನುವಿನಲ್ಲಿ. ಓದೋಕೆ ಕಣ್ಣು ಬೇಕು. ಯಾವ ಸಾಲಲ್ಲಿದ್ದೀವಿ ಅಂತ ಯಂತ್ರ ಬಾಯಿಬಿಟ್ಟು ಹೇಳಲ್ಲ. ಮಿನಿಮೂಗ್‌ನಲ್ಲಿ ಒಂದು ಕೆಲಸಕ್ಕೆ ಒಂದು ಗುಂಡಿ, ಇದ್ದಲ್ಲೇ ಇರುತ್ತೆ, ಕೈ ನೆನಪಿಟ್ಟುಕೊಳ್ಳುತ್ತೆ. 1983ರಲ್ಲಿ ಯಮಾಹಾ ಡಿಎಕ್ಸ್7 ಬಂದ ಮೇಲೆ ಗುಂಡಿ ಹೋಗಿ ಮೆನು ಬಂತು. ನನಗದು ಕಿರಿಕಿರಿ ಅಷ್ಟೇ. ನನ್ನ ಜೊತೆ ನುಡಿಸೋ ಕಣ್ಣಿಲ್ಲದ ಗೆಳೆಯನಿಗೆ ಬಾಗಿಲೇ ಬಂದ್. ಅವನ ಕಿವಿ ನನಗಿಂತ ಎಷ್ಟೋ ಚುರುಕು, ಗಾಂಧಾರ ಎಷ್ಟು ಇಳಿಸಬೇಕು ಅಂತ ಹೇಳಿದ್ದೇ ಅವನು. ಇಳಿಸೋಕೆ ಮಾತ್ರ ನಾನು ಬೇಕು.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 43ನೇ ಕಲಂ, ಎಲ್ಲರೂ ಬಳಸೋಕೆ ಬರುವಂಥ ದಿನಬಳಕೆ ಸಾಮಾನಿನ ತಯಾರಿಗೆ ಸರ್ಕಾರ ಉತ್ತೇಜನ ಕೊಡಬೇಕು ಅನ್ನುತ್ತೆ. ಕೀಬೋರ್ಡ್ ಖರೀದಿಯ ಟೆಂಡರಿನಲ್ಲಿ ಮಾತಾಡೋ ಮೆನು ಇರಬೇಕು ಅಂತ ಒಂದು ಸಾಲು ಸೇರಿಸೋಕೆ ಹೊಸ ಕಾನೂನೇನೂ ಬೇಕಿಲ್ಲ.

ಗವಾಯಿಗಳು 1944ರ ಜೂನ್ 11ರಂದು ತೀರಿಕೊಂಡರು. ಆಶ್ರಮ ನಡೆಸೋ ಹೊಣೆ ಪುಟ್ಟರಾಜ ಗವಾಯಿಗಳದಾಯ್ತು. ಅವರಿಗೂ ಕಣ್ಣಿರಲಿಲ್ಲ. ಗುರುಗಳ ನಂತರ 66 ವರ್ಷ, 2010ರವರೆಗೆ, ಅವರು ಅದನ್ನ ನಡೆಸಿದರು.